ಅಮ್ಮನಿಗೊಂದು ಬಹುವಚನ

ನಾಚಿಕೆಯ ಮೇಲೆ ಆ ಕಾಲೇಜಿನ ಪಾಠದಲ್ಲಿ ಒಂದು ಇಡೀ ಅಧ್ಯಾಯವೇ ಇತ್ತು. ನಮ್ಮ ಹುಡುಗಿ ಅದರಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದಿದ್ದಳು. ನಾಚಿಕೆ ಯಾವುದು, ಅವಮಾನ ಯಾವುದು, ತಪ್ಪು ಮಾಡಿದೆನೆಂಬ ಅಳುಕು ಯಾವುದು ಎಂದು ಕೇಳಿದರೆ ಮೂರನ್ನೂ ಬೇರೆ ಬೇರೆ ಮಾಡಿ, ಉದಾಹರಣೆ ಕೊಟ್ಟು, ಎರಡು ಪುಟ ಬರೆಯಬಲ್ಲವಳು. ಬರೆಯುವುದಕ್ಕೇನು ಸ್ವಾಮಿ, ಈಜುವ ಬಗ್ಗೆಯೂ ಬರೆಯಬಹುದು. ನೀರಿಗೆ ಬಿದ್ದಾಗ ತಾನೇ ಗೊತ್ತಾಗುವುದು.

ಮನೆಯಲ್ಲಿ ಅವಳಿಗೆ ಯಾಕಮ್ಮ ಎಂದು ಹೆಸರು. ಮಾತು ಬಂದ ಹೊಸತರಲ್ಲಿ ಕಂಡದ್ದಕ್ಕೆಲ್ಲ "ಯಾಕೆ?" ಎನ್ನುತ್ತಿದ್ದಳೆಂದು ಅಜ್ಜಿ ಇಟ್ಟದ್ದು. ಯಾಕೆ ಪೇಪರನ್ನ ಅಪ್ಪಾನೇ ಮೊದಲು ಓದೋದು? ಯಾಕೆ ನೆಂಟರು "ಬರ್ತೀವಿ" ಅಂತ ಎದ್ದು ನಿಂತ ಮೇಲೆ ಬಾಗಿಲಲ್ಲೇ ಅರ್ಧ ಗಂಟೆ ಮಾತಾಡ್ತಾರೆ? ಇಂಥವಳು ಪದವಿಗೆ ವರ್ತನೆ ಮತ್ತು ಸಮಾಜ ವಿಜ್ಞಾನ ಆರಿಸಿಕೊಂಡದ್ದು ಮನೆಯಲ್ಲಿ ಯಾರಿಗೂ ಆಶ್ಚರ್ಯವೆನಿಸಲಿಲ್ಲ. ದೊಡ್ಡಪ್ಪ ಮಾತ್ರ ಬಂದವನೇ, "ಅದನ್ನ ಓದಿದ್ರೆ ಮುಂದೆ ಏನಾಗ್ತಾರೆ?" ಎಂದು ಕೇಳಿದ. ಅಪ್ಪನ ಕಸುಬು ಲಿಫ್ಟ್ ರಿಪೇರಿ. "ಏನೋ ಒಂದು ಆಗ್ತಾಳೆ ಬಿಡಣ್ಣ, ಮೇಲೆ ಹೋದ್ರೆ ಸಾಕು" ಎಂದ. ಅಜ್ಜಿ ಒಳಗಿನಿಂದಲೇ, "ಬಿಡ್ತು ಅನ್ನೋ! ಮಗು ವಿಷಯದಲ್ಲಿ ಎಂಥಾ ಮಾತು!" ಎಂದು ಕೂಗಿದಳು. ಮಾತು ಅಲ್ಲಿಗೆ ನಿಂತಿತು.

ಆ ಓದಿನ ಬಗ್ಗೆ ಮನಸಾರೆ ಹೆಮ್ಮೆಪಟ್ಟವಳೆಂದರೆ ಅಮ್ಮ ಒಬ್ಬಳೇ. ಅಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ದುಂಡಗೆ ಬರುವ ಗಾಜನ್ನು ಚೌಕಟ್ಟಿನ ಆಕಾರಕ್ಕೆ ಸಾಣೆ ಹಿಡಿದು, ಅಂಚು ನಯ ಮಾಡಿ, ಒತ್ತಿ ಕೂರಿಸಿ, ಸಣ್ಣ ತಿರುಪು ಬಿಗಿದು ಕೊಡುವುದು ಅವಳ ಕೆಲಸ. ಕೋಣೆಗೂ ಮುಂದಿನ ಕೌಂಟರಿಗೂ ನಡುವೆ ಒಂದು ಕಿಟಕಿ. ಗಿರಾಕಿಗಳು ಕಾಯುತ್ತ ನಿಂತರೆ ಸಾಕು, ಅಮ್ಮ ಕಿಟಕಿಯಿಂದ ತಲೆ ಹಾಕಿ, ಕೇಳಲಿ ಬಿಡಲಿ, "ನಮ್ಮ ಮಗಳು ನಡತೆ ಓದ್ತಾಳೆ" ಎಂದು ಹೇಳಿಬಿಡುವಳು.

ನಡತೆ! ಒಬ್ಬ ಗಿರಾಕಿ ಕೇಳಿಯೇ ಬಿಟ್ಟಿದ್ದ. "ಅದಕ್ಕೂ ಕಾಲೇಜಿದ್ಯಾ? ವಿಳಾಸ ಕೊಡಿ, ನಮ್ಮ ಹುಡುಗನ್ನ ಹಾಕಬೇಕು." ಅಂಗಡಿಯವರೆಲ್ಲ ನಕ್ಕರು. ಅಂದು ಅಲ್ಲೇ ನಿಂತಿದ್ದ ಯಾಕಮ್ಮನ ಕಿವಿ ಕೆಂಪಾಯಿತು.

"ನಡತೆ ಅಲ್ಲಮ್ಮ, ವರ್ತನೆ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

"ಅದೇ ಕಣೇ. ಎರಡೂ ಒಂದೇ ಅಲ್ವಾ?"

"ಅಲ್ಲ. ನಡತೆ ಅಂದ್ರೆ ಜನ ಹೇಗಿರ್ಬೇಕು ಅನ್ನೋದು. ವರ್ತನೆ ಅಂದ್ರೆ ಹೇಗಿದ್ದಾರೆ ಅನ್ನೋದು. ನಾವು ಯಾರಿಗೂ ಹೀಗಿರಿ ಹಾಗಿರಿ ಅನ್ನಲ್ಲ. ಸುಮ್ನೆ ನೋಡ್ತೀವಿ."

"ಸುಮ್ನೆ ನೋಡೋಕೆ ಮೂರು ವರ್ಷನಾ!" ಎಂದು ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮಗಳ ಮುಖ ನೋಡಿ, "ಸರಿ ಸರಿ, ವರ್ತನೆ" ಎಂದು ಒಪ್ಪಿಕೊಂಡಳು. ಮಾರನೇ ದಿನ ಮತ್ತೆ ನಡತೆಯೇ. ಅಮ್ಮ ಹೇಳುವುದು, ಮಗಳು ಹಲ್ಲು ಕಚ್ಚಿ ತಿದ್ದುವುದು, ಅದೊಂದು ಆಟದಂತೆ ನಡೆದೇ ಇತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಅಮ್ಮ ಹೆತ್ತ ಅಮ್ಮ ಅಲ್ಲ. ಹೆತ್ತವಳು ಮಗುವಿಗೆ ಹಲ್ಲು ಬರುವ ಮೊದಲೇ ತೀರಿಕೊಂಡಿದ್ದಳು. ನಡುಮನೆಯಲ್ಲಿ ಅವಳ ಫೋಟೋ ಇತ್ತು, ಅದರ ಧೂಳನ್ನು ಈ ಅಮ್ಮನೇ ಒರೆಸುತ್ತಿದ್ದಳು. ಯಾಕಮ್ಮನಿಗೆ ಇದೆಲ್ಲ ಗೊತ್ತಿತ್ತು, ತನ್ನ ರಕ್ತದ ಗುಂಪು ಯಾವುದೆಂದು ಗೊತ್ತಿದ್ದ ಹಾಗೆ. ಯಾರಾದರೂ ಕೇಳಿದರೆ ಹೇಳಬಹುದಾದ ವಿಷಯ, ಅಷ್ಟೆ. ಯಾರೂ ಕೇಳಿರಲಿಲ್ಲ. ಇಂಥ ಸಂಬಂಧಕ್ಕೆ ಊರವರು ಬಳಸುವ ಒಂದು ಪದವಿದೆಯಲ್ಲ, ಆ ಮನೆಯಲ್ಲಿ ಅದನ್ನು ಯಾರೂ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ.

ಎರಡನೇ ವರ್ಷದಲ್ಲಿ ಮೇಡಂ ಒಂದು ಕೆಲಸ ಕೊಟ್ಟರು. ದಪ್ಪ ಧ್ವನಿಯ, ಕುರ್ಚಿಯ ಬದಲು ಮೇಜಿನ ಅಂಚಿನಲ್ಲಿ ಕೂತು ಪಾಠ ಮಾಡುವ ಮೇಡಂ ಅವರು. "ಎಲ್ಲೂ ಬರೆದಿಡದ ನಿಯಮಗಳೇ ಗಟ್ಟಿ" ಎಂದರು. "ಯಾರೂ ಹೇಳಿಕೊಟ್ಟಿರಲ್ಲ, ಆದ್ರೆ ಎಲ್ಲರಿಗೂ ಗೊತ್ತು. ಮುರಿದಾಗ ಮಾತ್ರ ಕಣ್ಣಿಗೆ ಬೀಳುತ್ತೆ. ನಿಮ್ಮ ಮನೇಲಿರೋ ಅಂಥ ಒಂದು ನಿಯಮಾನ ಒಂದು ವಾರ ಮುರೀರಿ. ಯಾಕೆ ಅಂತ ಹೇಳ್ಬೇಡಿ. ಏನಾಗುತ್ತೆ ನೋಡಿ, ಬಂದು ಹೇಳಿ." ಆಮೇಲೆ ಬೆರಳೆತ್ತಿ ಸೇರಿಸಿದರು: "ಒಂದೇ ಷರತ್ತು. ಯಾರಿಗಾದ್ರೂ ನೋವಾಗ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ, ನಿಜ ಹೇಳ್ಬಿಡಿ. ಅಂಕ ಕಮ್ಮಿ ಮಾಡಲ್ಲ."

ಗೆಳತಿ ಡ್ರಾಮಾ ತಾನು ವಾರವಿಡೀ ಅಪ್ಪನ ಕುರ್ಚಿಯಲ್ಲಿ ಕೂರುವುದಾಗಿ ಹೇಳಿದಳು. ಅವಳ ನಿಜವಾದ ಹೆಸರನ್ನು ಹಾಜರಿ ಕೂಗುವಾಗ ಮಾತ್ರ ಕೇಳಬೇಕು, ಉಳಿದಂತೆ ಡ್ರಾಮಾ. ಇನ್ನೊಬ್ಬ ಸ್ವಂತ ಮನೆಯ ಬಾಗಿಲನ್ನು ತಟ್ಟಿ, ಒಳಗೆ ಬರಬಹುದೇ ಎಂದು ಕೇಳುವವನು. ಯಾಕಮ್ಮನಿಗೆ ಇವೆಲ್ಲ ಸಪ್ಪೆ ಎನಿಸಿದವು. ಎರಡು ದಿನ ತಲೆ ಕೆರೆದುಕೊಂಡಳು. ಮೂರನೇ ದಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಮಗುವೊಂದು, "ಅಮ್ಮಾ, ನೀನು ಕಿಟಕಿ ಹತ್ರ ಬೇಡ" ಎಂದು ಹಟ ಮಾಡಿದ್ದು ಕಿವಿಗೆ ಬಿದ್ದು ತಟ್ಟನೆ ಹೊಳೆಯಿತು.

ಅಪ್ಪನಿಗೆ ನೀವು. ಮೇಷ್ಟ್ರಿಗೆ, ಡಾಕ್ಟರಿಗೆ, ಬಸ್ ಕಂಡಕ್ಟರಿಗೂ ನೀವು. ಅಮ್ಮನಿಗೆ ನೀನು. ದೇವರಿಗೂ ನೀನೇ, ಅದು ಬೇರೆ ಮಾತು. ಯಾರು ಮಾಡಿದ ನಿಯಮ ಇದು? ಒಂದು ವಾರ ಅಮ್ಮನನ್ನು ನೀವು ಎಂದರೆ? ಬೈಗುಳವಲ್ಲ, ಜಗಳವಲ್ಲ, ಮರ್ಯಾದೆ ಕೊಡುವುದು! ಮರ್ಯಾದೆ ಕೊಟ್ಟರೆ ಯಾರಿಗಾದರೂ ನೋವಾಗುತ್ತದೆಯೇ? ಮೇಡಂಗೆ ಹೇಳಿದಾಗ ಅವರು ಮೇಜಿನಿಂದ ಇಳಿದೇ ಬಿಟ್ಟರು. "ಇಷ್ಟು ವರ್ಷದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ!" ಯಾಕಮ್ಮನಿಗೆ ಕೋಡು ಬರುವುದೊಂದು ಬಾಕಿ.

ಮೊದಲನೇ ಬೆಳಿಗ್ಗೆ ಅಮ್ಮ ಮಗಳ ಜಡೆ ಹೆಣೆಯಲು ಬಾಚಣಿಗೆ ಹಿಡಿದು ನಿಂತಿದ್ದಳು.

"ಅಮ್ಮ, ನೀವು ಕಾಫಿ ಕುಡಿದ್ರಾ?"

ಅಮ್ಮ ಹಿಂದೆ ತಿರುಗಿ ನೋಡಿದಳು. ಯಾರೋ ಬಂದಿದ್ದಾರೆಂದುಕೊಂಡಳು ಪಾಪ. ಯಾರೂ ಇರಲಿಲ್ಲ. "ಏನಂದೆ?"

"ನೀವು ಕಾಫಿ ಕುಡಿದ್ರಾ ಅಂದೆ."

ಅಮ್ಮ ಗೊಳ್ಳೆಂದು ನಕ್ಕಳು. "ನೋಡ್ರೀ, ನಿಮ್ಮ ಮಗಳಿಗೆ ಬೆಳಿಗ್ಗೆ ಬೆಳಿಗ್ಗೆ ಏನೋ ಮೆಟ್ಕೊಂಡಿದೆ!" ಅಪ್ಪ ಶೂ ಕಟ್ಟಿಕೊಳ್ಳುತ್ತ, "ಕಾಲೇಜು ಫೀಸು ದಂಡ ಆಗಿಲ್ಲ ಅಂತಾಯ್ತು" ಎಂದ. ಅಜ್ಜಿ ಮಾತ್ರ ನಗಲಿಲ್ಲ. ಕಣ್ಣು ಕಿರಿದು ಮಾಡಿ ಮೊಮ್ಮಗಳನ್ನು ನೋಡಿದಳು. ಯಾಕಮ್ಮ ಬಸ್ಸಿನಲ್ಲಿ ಫೋನು ತೆಗೆದು, ಮೊದಲ ಪ್ರತಿಕ್ರಿಯೆ ನಗು ಎಂದು ಬರೆದುಕೊಂಡಳು.

ನಗು ಹೆಚ್ಚು ಬಾಳಲಿಲ್ಲ. ಸಂಜೆ, "ನೀವು ಬಿಡಿ, ನಾನೇ ತಟ್ಟೆ ತೊಳೀತೀನಿ" ಎಂದಾಗ ಅಮ್ಮ, "ಸಾಕು ಕಣೇ ನಾಟಕ" ಎಂದಳು. ಮಾರನೇ ದಿನ "ನಾಟಕ" ಎನ್ನಲಿಲ್ಲ. ಅದರ ಮಾರನೇ ದಿನ ಏನೂ ಅನ್ನಲಿಲ್ಲ. ಜಡೆ ಹೆಣೆಯುವ ಹೊತ್ತಿಗೆ ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಕೋಣೆಗೆ ಬರುವ ಮುನ್ನ ಬಾಗಿಲು ತಟ್ಟಿದಳು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಯಾವತ್ತೂ ಬೀಳುತ್ತಿದ್ದ ಬೈಗುಳ ಬೀಳಲಿಲ್ಲ. ಟವೆಲು ತಾನಾಗಿಯೇ ಹಗ್ಗದ ಮೇಲಿತ್ತು. ಊಟಕ್ಕೆ ಕೂತರೆ ಮೊದಲು ಬಡಿಸುತ್ತಿದ್ದುದು ಯಾಕಮ್ಮನಿಗೆ, ಅದೂ ಒಳ್ಳೆಯ ತಟ್ಟೆಯಲ್ಲಿ.

ಇನ್ನೂ ಒಂದು ಸೂಕ್ಷ್ಮವನ್ನು ಯಾಕಮ್ಮ ಕಂಡುಹಿಡಿದಳು. ಕಂಡುಹಿಡಿದಾಗ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಅಮ್ಮ ಈಗ ಅವಳನ್ನು ನೀನು ಎನ್ನುತ್ತಿರಲಿಲ್ಲ, ನೀವು ಎಂದೂ ಅನ್ನುತ್ತಿರಲಿಲ್ಲ. "ಊಟ ಆಯ್ತಾ?" "ಕಾಲೇಜಿಗೆ ಹೊರಟಿದ್ದಾಯ್ತಾ?" "ಬಟ್ಟೆ ಒಗೆಯೋದೇನಾದ್ರೂ ಇದ್ಯಾ?" ಯಾರಿಗೆ ಹೇಳಿದ್ದೆಂದು ಗುರುತಿಲ್ಲದ ಮಾತುಗಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಕಣೇ" ಎಂಬುದು ನಿಂತೇ ಹೋಗಿತ್ತು. ಎದುರಿನವರು ನನ್ನನ್ನು ಯಾವ ರೀತಿಯಲ್ಲೂ ಸಂಬೋಧಿಸದಿರುವ ಉಪಾಯ ಕಂಡುಕೊಂಡಿದ್ದಾರೆ, ಬಹಳ ಕುತೂಹಲಕರ, ಎಂದು ಅವಳು ಫೋನಿನಲ್ಲಿ ಬರೆದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳಿಗೇನೂ ಕಾಣಲಿಲ್ಲವೇ? ಕಂಡಿತ್ತು. ಅಮ್ಮ ತಟ್ಟೆ ಇಟ್ಟು ತಿರುಗುವಾಗ ಕತ್ತು ತಗ್ಗಿಸುತ್ತಿದ್ದುದು ಕಂಡಿತ್ತು. ನಿಲ್ಲಿಸಬೇಕು ಎಂದು ಒಂದು ದನಿ ಹೇಳಿತ್ತು. ಇಷ್ಟು ಚೆನ್ನಾಗಿ ಬರುತ್ತಿದೆ, ಇನ್ನೆರಡೇ ದಿನ ಎಂದು ಇನ್ನೊಂದು ದನಿ ಹೇಳಿತ್ತು. ಯಾವ ದನಿಯನ್ನು ಕೇಳಿದಳೆಂದು ಬೇರೆ ಹೇಳಬೇಕಿಲ್ಲ.

ಆ ವಾರದ ಕೊನೆಗೆ ಮನೆ ಬೀಗದ ಕೈ ಮರೆತು, ಮಲಗಿರುವ ಅಜ್ಜಿಯನ್ನು ಎಬ್ಬಿಸುವುದು ಬೇಡವೆಂದು, ಕಾಲೇಜಿನಿಂದ ನೇರ ಅಂಗಡಿಗೆ ಹೋದಳು. ಕೌಂಟರಿನಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಹೊಸ ಚೌಕಟ್ಟು ಆರಿಸುತ್ತಿದ್ದರು. ಆ ಅಂಗಡಿಗೆ ಹೊಸಬರು. ಅಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಕೀ ಕೊಟ್ಟಳು. ಟೀಚರಮ್ಮ ಇಬ್ಬರನ್ನೂ ನೋಡಿ ಹಿತವಾಗಿ ಕೇಳಿದರು: "ನಿಮ್ಮ ಮಗಳಾ?"

ನಡತೆ ಓದ್ತಾಳೆ ಎಂಬ ಮಾತಿಗೆ ಯಾಕಮ್ಮ ಕಾದಳು. ತಿದ್ದಲು ನಾಲಿಗೆ ಸಿದ್ಧವಾಗಿಯೇ ಇತ್ತು.

ಅಮ್ಮ ಮೊದಲು ಅವಳ ಮುಖ ನೋಡಿದಳು. ಕೇಳದೆ ಏನನ್ನೋ ಎತ್ತಿಕೊಂಡರೆ ತಪ್ಪಾದೀತೇನೋ ಎಂದು ನೋಡುವ ಹಾಗೆ. ಆಮೇಲೆ ಟೀಚರಮ್ಮನ ಕಡೆ ತಿರುಗಿ, "ನಮ್ಮ ಮನೆಯವರ ಮಗಳು" ಎಂದಳು. ಸಾಣೆಯ ಯಂತ್ರ ಶುರುವಾಯಿತು. ಮತ್ತೆ ಮಾತಿಗೆ ಎಡೆಯಿರಲಿಲ್ಲ.

ದಾರಿಯುದ್ದಕ್ಕೂ ಯಾಕಮ್ಮ ಆ ಮಾತನ್ನೇ ಮತ್ತೆ ಮತ್ತೆ ಅಂದುಕೊಂಡು ಬಂದಳು. ಮನೆಯಲ್ಲಿ ಅಜ್ಜಿ ಮಂಚದ ಮೇಲೆ ಒಣಗಿದ ಬಟ್ಟೆ ರಾಶಿ ಹಾಕಿಕೊಂಡು ಕಾಲುಚೀಲಗಳ ಜೋಡಿ ಹುಡುಕುತ್ತಿದ್ದಳು. ಯಾಕಮ್ಮ ಪಕ್ಕದಲ್ಲಿ ಕೂತು ಒಂದು ಕಾಲುಚೀಲ ಎತ್ತಿಕೊಂಡಳು.

"ಅಜ್ಜಿ, ಅಮ್ಮ ಯಾಕೆ ಹೀಗಿದ್ದಾಳೆ?"

"ಬಂತಪ್ಪ ಯಾಕೆ!" ಅಜ್ಜಿ ತಲೆ ಎತ್ತಲಿಲ್ಲ. "ಈಗ ಅವಳು ಇವಳು ಅಂತೀಯ. ಎದುರಿಗೆ ಭಾರೀ ಮರ್ಯಾದೆ. ನೀವು ಅಂತೆ, ತಾವು ಅಂತೆ."

"ಮರ್ಯಾದೆ ಕೊಟ್ರೆ ಏನು ತಪ್ಪು?"

"ತಪ್ಪು ಅಂತ ಯಾರು ಅಂದ್ರು? ಮೊದಲೂ ಹಾಗೇ ಅಂತಿದ್ದೆ."

"ಯಾವಾಗ?"

"ಅವಳು ಈ ಮನೆಗೆ ಬಂದ ಹೊಸತರಲ್ಲಿ. ನಿಂಗೆ ಮೂರೋ ನಾಲ್ಕೋ. ನೀವು ಊಟ ಹಾಕಿ, ನೀವು ಬಾಗಿಲು ತೆಗೀರಿ. ಬಾಡಿಗೆಗಿರೋರ ಮಗು ಮಾತಾಡಿದ ಹಾಗಿರೋದು. ನಾನೇ ಹೇಳ್ಕೊಟ್ಟಿದ್ದೆ. ಏನೀಗ? ಸತ್ತೋಳೂ ನನ್ನ ಸೊಸೆನೇ ಅಲ್ವಾ. ಇವಳಿಗೆ ಬಂದ ಕೂಡ್ಲೇ ಅಮ್ಮನ ಜಾಗ ಸಿಕ್ಕಿಬಿಡ್ಬಾರ್ದು ಅಂತ ಹೊಟ್ಟೆ ಉರಿ ನಂಗೆ." ಅಜ್ಜಿ ಒಂದು ಜೋಡಿ ಮಡಿಸಿ ಬದಿಗಿಟ್ಟಳು. "ಅವಳು ಒಂದಿನಾನೂ ಯಾಕೆ ಅಂತ ಕೇಳ್ಲಿಲ್ಲ. ನೀವು ಅಂದ್ರೆ ಓ ಅಂತಿದ್ಳು. ಆಮೇಲೆ ಒಂದಿನ ನಿಂಗೆ ಸ್ನಾನ ಮಾಡಿಸ್ವಾಗ ಕಣ್ಣಿಗೆ ಸೋಪು ಹೋಯ್ತು. 'ಅಮ್ಮಾ, ನೀನು ಕೆಟ್ಟೋಳು, ಹೋಗು ನೀನು!' ಅಂತ ಬೀದಿಗೆ ಕೇಳೋ ಹಾಗೆ ಕಿರುಚಿದೆ. ಬೈಗುಳ ಕಣೇ ಅದು! ಇವಳು ಸೋಪಿನ ಕೈಯಲ್ಲೇ ಓಡಿ ಬಂದು ನನ್ನ ಹಿಡ್ಕೊಂಡ್ಳು. 'ಅತ್ತೆ, ಕೇಳಿಸ್ತಾ? ನನ್ನ ನೀನು ಅಂದ್ಳು, ನೀನು ಅಂದ್ಳು' ಅಂತ ಒಂದೇ ಸಮ ಅಳು. ಅತ್ತ ಕಡೆ ನೀನು ಮೈಯೆಲ್ಲ ಸೋಪು ಮೆತ್ಕೊಂಡು ಅರಚ್ತಾನೇ ಇದ್ದೆ. ನಾನೇ ಹೋಗಿ ನೀರು ಹಾಕ್ದೆ."

ಯಾಕಮ್ಮನ ಕೈಯಲ್ಲಿದ್ದ ಕಾಲುಚೀಲ ಹಾಗೇ ಉಳಿಯಿತು.

"ಮೊನ್ನೆ ಬಂದು ನನ್ನ ಕೇಳ್ತಾಳೆ," ಎಂದಳು ಅಜ್ಜಿ. ಈಗ ದನಿ ಸ್ವಲ್ಪ ಒಡೆದಿತ್ತು. "'ಅತ್ತೆ, ನೀವೇನಾದ್ರೂ ಮಗೂಗೆ ಹೇಳಿದ್ರಾ?' ಅಂತ. ಇಷ್ಟು ವರ್ಷ ಒಂದೇ ಒಲೇಲಿ ಬೇಯಿಸ್ಕೊಂಡು ತಿಂದ ಮೇಲೆ ನನ್ನ ಮೇಲೆ ಅನುಮಾನ! ನಾನು ಯಾರ ಹತ್ರ ಹೇಳ್ಕೊಳ್ಲಿ?"

ಆಗಲೇ ಎದ್ದು ಅಂಗಡಿಗೆ ಓಡಬಹುದಿತ್ತು. ಓಡಬೇಕಿತ್ತು. ಅಂಗಡಿ ಎರಡು ಬೀದಿ ಆಚೆ. ಅಜ್ಜಿಗಾದರೂ, ನಿನ್ನ ತಪ್ಪೇನಿಲ್ಲ, ಇದು ಕಾಲೇಜಿನ ಕೆಲಸ ಎಂದು ಹೇಳಬಹುದಿತ್ತು. ಯಾಕಮ್ಮ ಎರಡನ್ನೂ ಮಾಡಲಿಲ್ಲ. ಕಣ್ಣು ತುಂಬಿತ್ತು, ನಿಜ. ಆದರೆ ಆ ನೀರಿನ ಅಡಿಯಲ್ಲಿ ಇನ್ನೊಂದು ಯೋಚನೆಯೂ ಹೊರಳಿತು, ಅದನ್ನು ಅವಳು ಆಮೇಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ನಾಳೆ ತರಗತಿಯಲ್ಲಿ ಹೇಳುವ ದಿನ. ಒಂದು ಪದಕ್ಕೆ ಅಮ್ಮ ಯಾಕೆ ಇಷ್ಟು ಬದಲಾದಳು ಎಂಬುದಕ್ಕೆ ಅವಳ ಹತ್ತಿರ ಇಲ್ಲಿಯವರೆಗೆ ಕಾರಣವಿರಲಿಲ್ಲ. ಈಗ ಸಿಕ್ಕಿತ್ತು. ಎಂಥ ಕಾರಣ! ನಾಳೆ ಮಧ್ಯಾಹ್ನ ಮುಗಿದ ಮೇಲೆ ಹೇಳಿದರಾಯಿತು, ಅಷ್ಟರಲ್ಲಿ ಮುಳುಗಿಹೋಗುವುದೇನು ಎಂದುಕೊಂಡಳು.

ಆ ಸಂಜೆ ಊಟಕ್ಕೆ ಕೂತಾಗಲೂ, "ನೀವೂ ಕೂತ್ಕೊಳ್ಳಿ" ಎಂದಳು. ಗೊತ್ತಿದ್ದೂ ಗೊತ್ತಿದ್ದೂ ಅಂದಳು. ಅಮ್ಮ, "ಆಮೇಲಾಗುತ್ತೆ" ಎಂದು ಒಳಗೆ ಹೋದಳು.

ತರಗತಿಯಲ್ಲಿ ಡ್ರಾಮಾ ಅಪ್ಪನ ಕುರ್ಚಿಯ ಕಥೆ ಹೇಳಿ ಎಲ್ಲರನ್ನೂ ನಗಿಸಿದಳು. ಅವಳ ಅಪ್ಪ ಎರಡು ದಿನ ಗೊಣಗಿ, ಮೂರನೇ ದಿನ ಹೊಸ ಕುರ್ಚಿಯನ್ನೇ ಕೊಂಡು ತಂದಿದ್ದರಂತೆ. ಆಮೇಲೆ ಯಾಕಮ್ಮನ ಸರದಿ. ಅವಳು ಚೆನ್ನಾಗಿ ಮಾತಾಡಿದಳು. ಅಮ್ಮ ಎನ್ನದೆ "ಎದುರಿನವರು" ಎಂದಳು, ಆ ವಿಷಯ ಓದುವವರಲ್ಲಿ ಹಾಗೆ ಹೇಳುವುದು ಪದ್ಧತಿ. ಎದುರಿನವರು ಹಿಂದೆ ತಿರುಗಿ ನೋಡಿದ್ದಕ್ಕೆ ತರಗತಿ ನಕ್ಕಿತು. ಬಾಚಣಿಗೆ ಮೇಜಿನ ಮೇಲೆ ಉಳಿದದ್ದಕ್ಕೆ ಗಪ್‌ಚಿಪ್ಪಾಯಿತು. ನೀನೂ ಅಲ್ಲದ ನೀವೂ ಅಲ್ಲದ ಮಾತುಗಳನ್ನು ಹೇಳಿದಾಗ ಮೇಡಂ ಮುಂದಕ್ಕೆ ಬಾಗಿ ಕೇಳತೊಡಗಿದರು.

"ಒಂದು ಪದಕ್ಕೆ ಇಷ್ಟೊಂದಾ?" ಎಂದರು ಮೇಡಂ. "ಬೇರೆ ಮನೆಗಳಲ್ಲಿ ನಕ್ಕು ಬಿಟ್ಟುಬಿಡ್ತಿದ್ರು. ಇಲ್ಲಿ ಯಾಕೆ ಹೀಗೆ?"

"ಯಾಕಂದ್ರೆ," ಎಂದಳು ಯಾಕಮ್ಮ. ಎಲ್ಲರ ಕಣ್ಣು ಅವಳ ಮೇಲಿತ್ತು. ಆ ಕಣ್ಣುಗಳು ಅವಳಿಗೆ ಹಿತವಾಗಿದ್ದವು. "ಯಾಕಂದ್ರೆ ಅವರು ನನ್ನ ಮಲತಾಯಿ."

"ಓ..." ಎಂದಿತು ತರಗತಿ. ಒಗಟು ಬಿಡಿಸಿದಾಗ ಬರುವ ಓ ಅದು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಯಾಕಮ್ಮ ಸ್ನಾನದ ಮನೆಯ ಸೋಪಿನ ಕಥೆಯನ್ನೂ ಹೇಳಿದಳು. ಶುರು ಮಾಡಿ ಆಗಿತ್ತು, ನಿಲ್ಲಿಸಲು ಬರಲಿಲ್ಲ. ತನ್ನ ಬಾಯಿಂದ ಆ ಪದ ಬಂದದ್ದು ಅವಳ ಕಿವಿಗೆ ತಲುಪಿದ್ದು ತಡವಾಗಿ. ಜೀವಮಾನದಲ್ಲಿ ಮೊದಲ ಸಲ ಅಂದಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಪ್ಪ ಆಡದ, ಹೊಟ್ಟೆ ಉರಿದ ಅಜ್ಜಿಯೂ ಆಡದ ಪದವನ್ನು, ತರಗತಿಯಲ್ಲಿ ಕೂತ ಮೂವತ್ತು ಜನರ ಮುಂದೆ ಅವಳು ಆಡಿದ್ದಳು.

ಮೇಡಂ ಚಪ್ಪಾಳೆ ತಟ್ಟಿರಲಿಲ್ಲ. "ಈ ಹಳೇ ಕಥೆ ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ನಿನ್ನೆ."

"ನಿನ್ನೆನೇ ಅವರಿಗೆ ನಿಜ ಹೇಳಿದ್ರಾ?"

"ಇಲ್ಲ."

"ಯಾಕೆ?"

ಹುಟ್ಟಿದಾಗಿನಿಂದ ಲೋಕವನ್ನೆಲ್ಲ ಆ ಪ್ರಶ್ನೆ ಕೇಳುತ್ತ ಬಂದವಳ ಹತ್ತಿರ ಅವತ್ತು ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ. ಮುಖ ಧಗಧಗ ಉರಿಯಿತು, ಕಿವಿಯೊಳಗೆ ಗುಂಯ್ ಎಂದಿತು, ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಆ ಅಧ್ಯಾಯದಲ್ಲಿ ಇದನ್ನೆಲ್ಲ ಪಟ್ಟಿ ಮಾಡಿದ್ದರು. ಒಂದೂ ತಪ್ಪಿರಲಿಲ್ಲ. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೊದಲು ಹೋಗಿ ಅವರಿಗೆ ಹೇಳಿ ಬನ್ನಿ. ಅಂಕದ ಮಾತು ಆಮೇಲೆ" ಎಂದರು.

ಅಂಗಡಿಗೆ ಹೋದಾಗ ಅಮ್ಮ ಗಾಜಿನ ಅಂಚು ಉಜ್ಜುತ್ತಿದ್ದಳು. ಸಾಣೆಯ ಮೇಲೆ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬೆರಳುಗಳು ಬೆಳ್ಳಗೆ ನೆನೆದಿದ್ದವು. ಯಾಕಮ್ಮ ಯಾವತ್ತೂ ಹಿಂದಿನ ಕೋಣೆಗೆ ಹೋಗುವವಳಲ್ಲ, ಇವತ್ತು ಹೋದಳು.

"ಬಂದಿದ್ದಾಯ್ತಾ? ಕೀ ಬೇಕಿತ್ತಾ?" ಎಂದಳು ಅಮ್ಮ.

"ಬೇಡ. ಅಮ್ಮ, ಒಂದು ಮಾತು ಹೇಳ್ಬೇಕು." ಒಂದೇ ಉಸಿರಿಗೆ ಹೇಳಿದಳು. ಮೇಡಂ, ನಿಯಮ, ವಾರ, ನೀವು, ಎಲ್ಲ. ಹೇಳುವಾಗ ಅಮ್ಮನ ಮುಖ ನೋಡಲಾಗದೆ ನಲ್ಲಿಯನ್ನೇ ನೋಡಿದಳು.

ಅಮ್ಮ ಯಂತ್ರ ನಿಲ್ಲಿಸಿದಳು. "ಕಾಲೇಜಿನ ಕೆಲಸನಾ?"

"ಹೂಂ."

"ಆ ನೀವು ಗೀವು ಎಲ್ಲಾ?"

"ಹೂಂ."

ಅಮ್ಮ ಸ್ಟೂಲಿನ ಮೇಲೆ ಕುಸಿದಳು. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು, ಒದ್ದೆ ಕೈಯಲ್ಲೇ ಒರೆಸಿಕೊಂಡಳು. "ಥೂ ನಿನ್ನ! ನನ್ನ ಜೀವಾನೇ ಹೋಗಿತ್ತು ಕಣೇ! ನಾನೇನೇನೋ ಅಂದ್ಕೊಂಡೆ."

ಕಣೇ. ಯಾಕಮ್ಮನ ಎದೆ ಹಗುರಾಯಿತು. "ನೀನು ಏನಂದ್ಕೊಂಡೆ?"

"ಇನ್ನೇನು? ಓದಿ ದೊಡ್ಡೋಳಾದ್ಲು, ಕೂತು ಲೆಕ್ಕ ಹಾಕಿರ್ತಾಳೆ, ಇವಳು ನಂಗೇನಾಗ್ಬೇಕು ಅಂತ. ಹಾಕಿದ್ರೆ ತಪ್ಪೇನಿಲ್ಲ, ಇದ್ದಿದ್ದು ಇದ್ದ ಹಾಗೆ ತಾನೇ ಅಂತ ನಂಗೆ ನಾನೇ ಹೇಳ್ಕೊಂಡೆ. ನಿಮ್ಮಜ್ಜೀನ ಬೇರೆ ಕೇಳ್ಬಿಟ್ಟೆ, ಪಾಪ. ಹೋಗಿ ಕಾಲು ಹಿಡೀಬೇಕು." ಅಮ್ಮ ಮೂಗು ಒರೆಸಿಕೊಂಡು ಮಗಳನ್ನು ನೋಡಿದಳು. ನಗುತ್ತಲೇ ಕೇಳಿದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ. "ಈಗ ನೀನು ಅಂದ್ಯಲ್ಲ. ಅದು ಕಾಲೇಜಿಂದಾ, ನಿಂದಾ?"

"ನಂದೇ ಅಮ್ಮ."

"ಹೂಂ" ಎಂದಳು ಅಮ್ಮ. ಪೂರ್ತಿ ನಂಬಿದ ಹೂಂ ಅಲ್ಲ ಅದು. ಮೊದಲೆಲ್ಲ ಈ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. "ಮಾರ್ಕ್ಸ್ ಬಂತಾ?"

"ಇನ್ನೂ ಹಾಕಿಲ್ಲ."

"ಮೊದ್ಲೇ ಒಂದು ಮಾತು ಹೇಳಿದ್ರೆ ಇನ್ನೂ ಚೆನ್ನಾಗಿ ಮಾಡ್ತಿದ್ನಲ್ಲೇ. ನಾನು ಹೆದರ್ಕೊಂಡು ಏನೇನೋ ಮಾಡಿ ನಿನ್ನ ಕೆಲಸ ಕೆಡಿಸಿದ್ನೋ ಏನೋ."

"ಇಲ್ಲಮ್ಮ. ನೀನೇನೂ ಕೆಡಿಸ್ಲಿಲ್ಲ."

"ಅಲ್ಲಿ ನನ್ನ ಬಗ್ಗೆ ಏನಂತ ಹೇಳ್ದೆ?"

ಯಾಕಮ್ಮ ಬಾಯಿ ತೆರೆದಳು. ಹೇಳುವುದಾದರೆ ಈಗಲೇ ಹೇಳಬೇಕಿತ್ತು. ಅರ್ಧ ಹೇಳಿದ್ದಳು, ಇನ್ನರ್ಧಕ್ಕೆ ಒಂದೇ ಪದ ಸಾಕಿತ್ತು. ಅಮ್ಮ ತಲೆಯನ್ನು ಒಂದಿಷ್ಟು ವಾಲಿಸಿ, ಹೊಸ ಸೀರೆ ಹೇಗಿದೆ ಎಂದು ಕೇಳುವಾಗಿನ ಮುಖ ಮಾಡಿಕೊಂಡು ಕಾಯುತ್ತಿದ್ದಳು.

"ಅಮ್ಮ ಅಂತ ಹೇಳ್ದೆ."

"ಬರೀ ಅಮ್ಮ ಅಂತಾನಾ?"

"ಹೂಂ. ನಮ್ಮಮ್ಮ ಅಂತ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

"ಅಷ್ಟು ಸಾಕು ಬಿಡು" ಎಂದಳು ಅಮ್ಮ. ಮುಖ ಅರಳಿ ಇಷ್ಟಗಲವಾಯಿತು.

ಅಷ್ಟರಲ್ಲಿ ಹೊರಗೆ ಕೌಂಟರಿನ ಬೆಲ್ಲು ಹೊಡೆಯಿತು. ನಿನ್ನೆಯ ಟೀಚರಮ್ಮ ಕನ್ನಡಕ ಒಯ್ಯಲು ಬಂದಿದ್ದರು. ಅಮ್ಮ ಯಾಕಮ್ಮನ ಕೈ ಹಿಡಿದು ದರದರ ಕೌಂಟರಿಗೆ ಎಳೆದುಕೊಂಡು ಹೋದಳು. ಸಿದ್ಧವಾಗಿದ್ದ ಕನ್ನಡಕವನ್ನು ಬಟ್ಟೆಯಲ್ಲಿ ಒರೆಸಿ ಅವರ ಮೂಗಿನ ಮೇಲೆ ತಾನೇ ಕೂರಿಸಿದಳು, ಕಿವಿಯ ಹಿಂದೆ ಸರಿ ಮಾಡಿದಳು.

"ನಿನ್ನೆ ಕೇಳಿದ್ರಲ್ಲ ಟೀಚರ್. ನಾನೇನೋ ಬೇರೆ ಯೋಚನೇಲಿದ್ದೆ, ಸರಿಯಾಗಿ ಹೇಳ್ಲಿಲ್ಲ. ಇವಳು ನನ್ನ ಮಗಳೇ. ನಡತೆ ಓದ್ತಾಳೆ."

ಹೇಳಿ ಅಮ್ಮ ತುಟಿಯಂಚಿನಲ್ಲೇ ನಗುತ್ತ ಮಗಳ ಕಡೆ ನೋಡಿದಳು. ಬೇಕೆಂದೇ ಹಾಗೆ ಹೇಳಿದ್ದಳು. ತಿದ್ದಲಿ ಎಂದೇ ಜಾಗ ಬಿಟ್ಟಿದ್ದಳು.

ಟೀಚರಮ್ಮ ಹೊಸ ಕನ್ನಡಕದಲ್ಲಿ ಯಾಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಒಳ್ಳೇದಮ್ಮ" ಎಂದರು. "ಮುಖ ನೋಡಿದ್ರೇ ಗೊತ್ತಾಗುತ್ತೆ."

ಅಮ್ಮ ಇನ್ನೂ ಕಾಯುತ್ತಿದ್ದಳು. ಯಾಕಮ್ಮ ಕೌಂಟರಿನ ಗಾಜನ್ನು ನೋಡುತ್ತ ನಿಂತಳು, ತಿದ್ದಲಿಲ್ಲ.